ಈರಣ್ಣನ ಮುಖ ನೋಡಲು ಹುಕ್ಕೇರಿಗೆ

ಮೂಡಲಗಿಯಲ್ಲಿ ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿದಾಗ ಅವ್ವ ಚಹಾ ಕೂಡ ಕುಡಿದಿರಲಿಲ್ಲ. “ಮಗನ ಮುಖಾ ನೋಡಿದ ಮ್ಯಾಲ ಉಣ್ತೇನಿ,” ಎಂದು ಹಟ ಹಿಡಿದಿದ್ದಳು. ನನ್ನ ತಮ್ಮ ಈರಣ್ಣ ಸೈನ್ಯದ ಪಶುವೈದ್ಯ ವಿಭಾಗದಲ್ಲಿದ್ದಾನೆ. ಆಫ್ರಿಕಾದ ಒಂದು ದೇಶಕ್ಕೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಶಾಂತಿಪಾಲನೆಗೆ ಹೋಗಿದ್ದ ಅವನ ತುಕಡಿ ಮರಳಿತ್ತು. ಹೆಂಡತಿ ಲಕ್ಷ್ಮಿ ಬಾಣಂತನಕ್ಕೆ ಹುಕ್ಕೇರಿಯ ತವರಿನಲ್ಲಿದ್ದುದರಿಂದ ಅವನು ಬೆಳಗಾವಿಯಿಂದ ನೆಟ್ಟಗೆ ಅಲ್ಲಿಗೇ ಹೋಗಿದ್ದ.

ಮಳೆಗಾಲಕ್ಕೆ ಮೊದಲು ಅವನ ಕ್ಯಾಂಪಿನ ಸುತ್ತ ಗುಂಡಿನ ಕಾಳಗವಾದ ಸುದ್ದಿ ಟಿವಿಯಲ್ಲಿ ಬಂದಿತ್ತು. ಆಮೇಲೆ ಈರಣ್ಣ ಫೋನಿನಲ್ಲಿ ಮಾತಾಡಿದನೇ ಹೊರತು ಒಮ್ಮೆಯೂ ಮುಖ ತೋರಿಸಲಿಲ್ಲ. ವಿಡಿಯೊ ಕಾಲ್ ಮಾಡು ಅಂದರೆ ನೆಟ್‌ವರ್ಕ್ ಇಲ್ಲ ಅನ್ನುತ್ತಿದ್ದ. “ಕೈಯೋ ಕಾಲೋ ಹೋಗೇತಿ. ನನ್ನಿಂದ ಮುಚ್ಚಿಡಾಕತ್ತಾನ,” ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಕಲ್ಲೋಳಿ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಖರ್ಚಾದದ್ದು ಗೋಕಾಕದಲ್ಲಿ ಕೊಂಡ ಕರದಂಟಿಗೆ ಮಾತ್ರ.

ಹುಕ್ಕೇರಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಮಾತಿಗೆಳೆದರು. ವಿಷಯ ತಿಳಿದು, “ಜಗಳಾ ಅವರದು. ನಮ್ಮ ಹುಡುಗ್ರು ಯಾಕ್ರಿ ಹೋಗಬೇಕು?” ಎಂದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಜಾಗತಿಕ ಶಾಂತಿಯ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಆದರೂ ಪಕ್ಕದಲ್ಲಿ ಅವ್ವ ಸೆರಗು ಹಿಂಡುತ್ತ ಕೂತಿದ್ದನ್ನು ಕಂಡು, ಅವರಿಗೆ ಕರದಂಟಿನ ಒಂದು ತುಂಡು ಕೊಟ್ಟು ಮಾತು ಬದಲಿಸಿದೆ. ಘಟಪ್ರಭಾ ದಾಟಿದ ಮೇಲೆ ಬಿಸಿಲು ಚುರುಕಾಯಿತು.

ಬೀಗರ ಮನೆಯ ಬಾಗಿಲಲ್ಲಿ ಈರಣ್ಣ ನಿಂತಿದ್ದ. ತೆಳ್ಳಗಾಗಿದ್ದ. ಕಾಲಿಗೆ ಬೀಳಲು ಬಗ್ಗಿದವನನ್ನು ಅವ್ವ ಹಿಡಿದು ನಿಲ್ಲಿಸಿದಳು.

“ಅಂಗಿ ತಗಿ.”

“ಯವ್ವಾ, ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ. ತಗಿ.”

ಎಡಗೈ ಮೇಲೆ ಭುಜದಿಂದ ಮೊಣಕೈವರೆಗೆ ಹೊಲಿಗೆಯ ಗುರುತಿತ್ತು. ಸಿಡಿದ ಗುಂಡಿನ ಚೂರು ತಾಗಿತ್ತಂತೆ. ಕುತ್ತಿಗೆಯವರೆಗೆ ಬ್ಯಾಂಡೇಜಿದ್ದುದರಿಂದ ಮುಖ ತೋರಿಸಿರಲಿಲ್ಲ. ಅವ್ವ ಆ ಗುರುತಿನುದ್ದಕ್ಕೂ ಬೆರಳಾಡಿಸಿದಳು. “ಮುಷ್ಟಿ ಹಿಡಿ,” ಎಂದಳು. ಹಿಡಿದ. “ಬಿಡು,” ಎಂದಳು. ಬಿಟ್ಟ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಕಣ್ಣೊರೆಸಿಕೊಂಡು ಬೀಗತಿಗೆ, “ಅಕ್ಕಾರ, ಏನರ ಉಣ್ಣಾಕ ಕೊಡ್ರಿ. ಭಾಳ ಹಸಿದೇನಿ,” ಎಂದಳು. ನನ್ನ ಎದೆಯ ಮೇಲಿನ ಕಲ್ಲೂ ಆಗಲೇ ಇಳಿಯಿತು.

ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಲಕ್ಷ್ಮಿ ಒಳಕೋಣೆಯಲ್ಲಿ ಕೂಸನ್ನು ಮಲಗಿಸುತ್ತಿದ್ದಳು. ಉಣ್ಣುತ್ತ ಕೇಳಿದೆ: “ಕದನ ನಿಂತದ್ದು ಹೆಂಗೋ?”

“ರಾಜಧಾನಿಯಾಗ ಶಾಂತಿ ಒಪ್ಪಂದಕ್ಕ ಸಹಿ ಆಗಿತ್ತಕ್ಕ. ದೊಡ್ಡ ದೊಡ್ಡ ದೇಶದವರು ಕೂತು ಮಾಡ್ಸಿದ್ರು. ಆದ್ರ ನಮ್ಮ ಕ್ಯಾಂಪಿನ ಆಜೂಬಾಜೂ ಎರಡು ಬಣದವರಿಗೆ ಅದರ ಮ್ಯಾಲ ನಂಬಿಕಿ ಇರಲಿಲ್ಲ. ಅಷ್ಟರಾಗ ದನಾ ಸಾಯಾಕ ಹತ್ತಿದ್ವು. ಅವರು ವಿಷಾ ಹಾಕ್ಯಾರಂತ ಇವರು, ಇವರು ಹಾಕ್ಯಾರಂತ ಅವರು.”

ಅದು ರೋಗವೆಂದು ಅವನ ಡಾಕ್ಟರ್ ಸಾಹೇಬರು ಗುರುತಿಸಿದರಂತೆ. ಒಂದೇ ಕಡೆಯ ದನಕ್ಕೆ ಲಸಿಕೆ ಚುಚ್ಚಿದರೆ ಉಪಯೋಗವಿಲ್ಲ, ಎರಡೂ ಕಡೆಯವು ಒಟ್ಟಿಗೆ ಬರಬೇಕು ಎಂದು ಎರಡೂ ಬಣದ ಹಿರಿಯರ ಬಳಿ ದಿನಗಟ್ಟಲೆ ಓಡಾಡಿ ಮಾತಾಡಿದರಂತೆ. ಕೊನೆಗೆ ಬಂದೂಕುಗಳನ್ನು ದೂರದಲ್ಲಿಟ್ಟು ಎರಡೂ ಬಣದವರು ಬಂದರು. ಮೊದಲು ಯಾರೂ ಯಾರನ್ನೂ ನೋಡಲಿಲ್ಲ. ಒಂದು ಆಕಳು ಬೆದರಿ ಹಗ್ಗ ಹರಿದುಕೊಂಡಾಗ ಎದುರಿನ ಬಣದ ಮುದುಕನೊಬ್ಬ ಓಡಿ ಬಂದು ಅದರ ಕೊಂಬು ಹಿಡಿದ. ಅಲ್ಲಿಂದ ಮಾತು ಶುರುವಾಯಿತು. ತನ್ನ ತುಕಡಿ ಹೊರಡುವವರೆಗೂ ಅಲ್ಲಿ ಮತ್ತೆ ಗುಂಡು ಹಾರಲಿಲ್ಲ ಎಂದ ಈರಣ್ಣ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಅವ್ವ ಸೀಟಿನಲ್ಲಿ ಕೂತವಳು ಕಿಟಕಿಯಿಂದ ಕೇಳಿದಳು: “ಅಲ್ಲೋ ಈರಣ್ಣ, ಅಲ್ಲಿ ತಾಯಂದ್ರ ಮಕ್ಕಳೂ ಮನಿಗೆ ಬಂದ್ರನ?”

ಅವನು ಕಿಟಕಿಯ ಸರಳು ಹಿಡಿದುಕೊಂಡ. “ಎಲ್ಲಾರೂ ಇಲ್ಲ ಯವ್ವಾ. ಆದ್ರ ಭಾಳ ಮಂದಿ ಬಂದ್ರು. ನಾವು ಬರೋ ದಿನಾ ಹೊಳಿ ದಂಡ್ಯಾಗ ಅವರವ್ವಂದ್ರು ನಿಂತಿದ್ರು, ತಿರುಗಿ ಬಂದ ಮಕ್ಕಳಿಗೆ ‘ಇಷ್ಟ ದಿನಾ ಎಲ್ಲಿ ಹೋಗಿದ್ರಿ’ ಅಂತ ಬೈಯಾಕತ್ತಿದ್ರು.”

“ಬೈದ್ರಂದ್ರ ಚಲೋ ಆತು,” ಎಂದಳು ಅವ್ವ. ಬಸ್ಸು ಹೊರಟಿತು. ಅವನು ಮರೆಯಾಗುವವರೆಗೂ ಹಿಂದಕ್ಕೆ ತಿರುಗಿ ನೋಡಿದಳು. ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟು ಗೋಕಾಕ ಬರುವ ತನಕ ಗೊರಕೆ ಹೊಡೆದಳು.