ಅಕ್ಕನ ಸೀಟಿನಲ್ಲಿ ಕೂತ ಕಲ್ಲು

ನಮ್ಮ ಭಾವ ರಾಮಾಂಜಿನಪ್ಪನವರಿಗೆ ಅರವತ್ತು ದಾಟಿದ ಮೇಲೆ ಕಾರಿನ ಹುಚ್ಚು ಹಿಡಿಯಿತು. ಅದೂ ಎಂಥ ಕಾರು! ಶೋರೂಮಿನಿಂದ ಹೊಚ್ಚಹೊಸದನ್ನೇ ತರುವ ತಾಕತ್ತಿದ್ದ ಮನುಷ್ಯ, ಹೆಚ್ಚುಕಮ್ಮಿ ತಮ್ಮಷ್ಟೇ ವಯಸ್ಸಾದ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಹಸಿರು ಬಣ್ಣ, ಮಡಚುವ ಬಟ್ಟೆಯ ಟಾಪು, ಎರಡೇ ಸೀಟು. ಜಿಗಣಿಯಲ್ಲಿ ಭಾವನ ಶೆಡ್ಡು ಬಾಡಿಗೆಗೆ ಹಿಡಿದಿದ್ದ ಒಬ್ಬ ಸಾಹೇಬರು ಕಾರ್ಖಾನೆ ಮುಚ್ಚಿ ಕೂನೂರಿಗೆ ಹೊರಟಾಗ ಮಾರಿಹೋದ ಗಾಡಿ ಅದು.

“ಇಬ್ಬರು ಕೂರೋದಕ್ಕೆ ಇಷ್ಟುದ್ದ ಗಾಡಿ ಯಾಕೆ ಭಾವ?” ಎಂದೆ. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರ್ ಆದವನು. ಎರಡು ಸೀಟಿನ ಗಾಡಿ ಎಂದರೆ ನನ್ನ ಕಣ್ಣಿಗೆ ಬರೀ ನಷ್ಟ. ಭಾವ ನಕ್ಕರು.

ಭಾವ ಯಂತ್ರಗಳಿಗೆ ಹೊಸಬರೇನಲ್ಲ. ಹೊಲದ ಬಹುಪಾಲು ಇಂಡಸ್ಟ್ರಿಯಲ್ ಏರಿಯಾಗೆ ಹೋದಾಗ ಕೈಕಟ್ಟಿ ಕೂರದೆ, ಅದೇ ಹೊಲದ ಮೇಲೆ ಎದ್ದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದರು. ಉಳಿದ ಜಾಗದಲ್ಲಿ ಶೆಡ್ಡು ಕಟ್ಟಿದರು. ಎತ್ತಿನ ಗಾಡಿ, ಸೈಕಲ್ಲು, ಮೊಪೆಡ್ಡು, ಟ್ರ್ಯಾಕ್ಟರು ಎಲ್ಲವನ್ನೂ ಸ್ವತಃ ಓಡಿಸಿದವರು, ಸ್ವತಃ ಬಿಚ್ಚಿ ಕಟ್ಟಿದವರು. ನಮ್ಮ ಅಕ್ಕ ಅನುಸೂಯಮ್ಮ ಮದುವೆಯಾಗಿ ಆ ಮನೆಗೆ ಬಂದದ್ದೂ ಅದೇ ಎತ್ತಿನ ಗಾಡಿಯಲ್ಲಿ.

ಆದರೆ ಈ ಕಾರಿನ ಮೊದಲ ಸವಾರಿಯೇ ಎಡವಟ್ಟಾಯಿತು. ಚಂದಾಪುರದಲ್ಲಿ ನಮ್ಮ ಚಿಕ್ಕಮ್ಮನ ಮಗನ ಗೃಹಪ್ರವೇಶ. ಅಕ್ಕ ರೇಷ್ಮೆ ಸೀರೆಯುಟ್ಟು ಆ ತಗ್ಗಿನ ಸೀಟಿಗೆ ಹೇಗೋ ಇಳಿದು ಕೂತಳು. ಹಳೆಯ ಸ್ಪ್ರಿಂಗುಗಳಲ್ಲಿ ಜೀವವೇ ಇರಲಿಲ್ಲ. ರಸ್ತೆಯ ಪ್ರತಿ ಹಂಪ್‌ಗೂ ಗಾಡಿಯ ಹೊಟ್ಟೆ ರಸ್ತೆಗೆ ಬಡಿಯಿತು, ಏಟು ಅಕ್ಕನ ಸೊಂಟಕ್ಕೆ ಬಿತ್ತು. ಅಲ್ಲಿ ತಲುಪಿದಾಗ ಇಬ್ಬರು ಹೆಂಗಸರು ಕೈಹಿಡಿದು ಎಳೆದು ಎಬ್ಬಿಸಬೇಕಾಯಿತು. ಊಟ ಮುಗಿದದ್ದೇ ತಡ, ಅಕ್ಕ ನೆಂಟರಿಷ್ಟರ ಮುಂದೆಯೇ ಆಟೋ ಕರೆಸಿದಳು.

“ಇನ್ನು ಆ ಗಾಡೀಗೆ ನಾನು ಕಾಲಿಡಾಕಿಲ್ಲ. ನೀನೇ ಕುಣ್ಕೊಂಡು ಬಾ.”

ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಭಾವ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಒಬ್ಬರೇ ಊರಿಗೆ ಬಂದರು. ನೆಂಟರು ತಿಂಗಳುಗಟ್ಟಲೆ ಆಡಿಕೊಂಡು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮಾರಿಬಿಡಿ ಎಂದು ಅವರ ಮಗ ಶಿವಶಂಕರ್ ಹೇಳಿದ, ನಾನೂ ಹೇಳಿದೆ. ಭಾವ ಜಪ್ಪಯ್ಯ ಎನ್ನಲಿಲ್ಲ. ಅವರಿಗೆ ಬೇಕಾಗಿದ್ದು ಒಂದೇ, ಅಕ್ಕ ಮತ್ತೆ ಆ ಸೀಟಿನಲ್ಲಿ ಬಂದು ಕೂರಬೇಕು.

ಮಗನಿಗೆ ಹೇಳಿ ವಿದೇಶದಿಂದ ಹೊಸ ಸ್ಪ್ರಿಂಗ್ ಪಟ್ಟಿಗಳನ್ನೂ ಅವುಗಳ ತುದಿಗೆ ಕೂರುವ, ಕಬ್ಬಿಣದ ಕವಚದ ರಬ್ಬರ್ ಬುಷ್‌ಗಳನ್ನೂ ತರಿಸಿದರು. ಡಬ್ಬದ ಮೇಲೆ ಗಾಡಿಯ ಹೆಸರು ಸರಿಯಾಗಿಯೇ ಇತ್ತು. ಒಳಗಿದ್ದ ಸಾಮಾನಿಗೆ ಮಾತ್ರ ಆ ಗಾಡಿಯ ಪರಿಚಯವೇ ಇರಲಿಲ್ಲ! ಬುಷ್ ದಪ್ಪ, ಅದು ಕೂರಬೇಕಾದ ತೂತು ಸಣ್ಣದು. ಭಾವನ ಶೆಡ್ಡಿನಲ್ಲೇ ಲೇತ್ ಇಟ್ಟುಕೊಂಡಿದ್ದ ಲೋಕೇಶ್ ಅದರ ಹೊರಗಿನ ಕಬ್ಬಿಣವನ್ನು ಕೂದಲೆಳೆಯಷ್ಟು ಸವೆಸಿ ಕೊಟ್ಟ. ಕೂತಿತು. ಇನ್ನು ಸ್ಪ್ರಿಂಗ್ ಪಟ್ಟಿ ಜೋಡಿಸಿ ಗಾಡಿ ಕೆಳಗಿಳಿಸಿದರೆ, ಹಿಂಭಾಗ ಎತ್ತರಕ್ಕೆ ಎದ್ದು ನಿಂತಿತು, ಮೂತಿ ನೆಲದ ಕಡೆಗೆ. ಥೇಟ್ ಮಿಡತೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಪಟ್ಟಿಗಳ ಬಾಗು ವಿಪರೀತವಾಗಿತ್ತು. ಲಾರಿ ಸ್ಪ್ರಿಂಗು ಕಟ್ಟುವ ಅಂಗಡಿಗೆ ಹೊತ್ತುಕೊಂಡು ಹೋಗಿ ಬಾಗು ತಗ್ಗಿಸಿ ತಂದದ್ದಾಯಿತು. ಮಿಡತೆ ಸ್ವಲ್ಪ ಕೂತಿತು, ಪೂರ್ತಿ ಕೂರಲಿಲ್ಲ. ಓಡಿಸಿದರೆ ಬಂಡೆಯ ಮೇಲೆ ಕೂತಂತೆ ಕುಲುಕಾಟ.

ಭಾವ ತಲೆ ಮೇಲೆ ಕೈಹೊತ್ತು ಕೂತರು. ಅವರನ್ನು ಹಾಗೆ ನೋಡಿ ನನಗೂ ನಗುವ ಮನಸ್ಸು ಹೋಯಿತು. ಆಗ ಲೋಕೇಶ್ ಟೀ ಲೋಟ ಹಿಡಿದುಕೊಂಡು ಬಂದು ಗಾಡಿಯ ಕೆಳಗೆ ಬಗ್ಗಿ ನೋಡಿದ.

“ಅಣ್ಣ, ಬೋಲ್ಟೆಲ್ಲಾ ಗಾಡಿ ಮೇಲೆತ್ತಿದ್ದಾಗಲೇ ಟೈಟ್ ಮಾಡ್ಬಿಟ್ರಾ?”

“ಊಂ ಮತ್ತೆ. ಆಗ್ಲೇ ಅಲ್ವಾ ಕೆಳಗೆ ಕೈ ಆಡೋದು?”

“ಅದೇ ಎಡವಟ್ಟಾಗಿರೋದು. ಚಕ್ರ ನೇತಾಡ್ತಿದ್ದಾಗ ಬಿಗಿ ಮಾಡಿದ್ರೆ ರಬ್ಬರು ಅಂಗೇ ಕಚ್ಕೊಂಡ್ಬಿಡುತ್ತೆ. ಕೆಳಗಿಳಿಸಿದ್ ಮೇಲೆ ತಿರುಚ್ಕೊಂಡು ಒದೀತಾ ಇರುತ್ತೆ. ಎಲ್ಲಾ ಲೂಸ್ ಮಾಡಿ, ಗಾಡಿ ನೆಲದ್ ಮೇಲಿರ್ಲಿ, ಕೂರೋರು ಕೂತಿರ್ಲಿ. ಆಮೇಲೆ ಬಿಗೀರಿ.”

“ಥತ್, ಫಿಟ್ಟರ್ ಆಗಿ ನಂಗೆ ಒಳೀಲಿಲ್ವಲ್ಲೋ!” ಎಂದು ಭಾವ ಹಣೆ ಚಚ್ಚಿಕೊಂಡರು. ಮರುಕ್ಷಣವೇ ಅವರ ಮುಖ ಬಾಡಿತು. ಅವರು ಗಾಡಿಯ ಕೆಳಗೆ ಹೋದರೆ ಡ್ರೈವರ್ ಸೀಟಿಗೆ ನಾನಿದ್ದೆ, ನಮ್ಮಿಬ್ಬರ ತೂಕ ಹತ್ತಿರ ಹತ್ತಿರ. ಪಕ್ಕದ ಸೀಟಿಗೆ? ಅಕ್ಕನನ್ನು ಕರೆಯುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಮಾರನೆಯ ದಿನ ನಾನು ಹೋದಾಗ, ಗಾಡಿಯ ನಾಲ್ಕೂ ಚಕ್ರಗಳ ಕೆಳಗೆ, ಮನುಷ್ಯ ನುಸುಳುವಷ್ಟು ಎತ್ತರಕ್ಕೆ, ದಪ್ಪ ಮರದ ದಿಮ್ಮಿಗಳು. ಪಕ್ಕದ ಸೀಟಿನಲ್ಲಿ, ಗೋಣಿಚೀಲ ಹಾಸಿ, ಹೊಳಪು ಕೊಟ್ಟ ಒಂದು ಗ್ರಾನೈಟ್ ತುಂಡನ್ನು ಕೂರಿಸಿದ್ದರು. ಪಕ್ಕದ ಕಲ್ಲು ಕೊಯ್ಯುವ ಕಾರ್ಖಾನೆಯಿಂದ ತಂದದ್ದಂತೆ. ನಾನು ಸ್ಟೇರಿಂಗ್ ಹಿಡಿದು ಕಲ್ಲಿನ ಪಕ್ಕ ಕೂತೆ. ಭಾವ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಸುಳಿದರು, ಲೋಕೇಶ್ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತ. ಅಷ್ಟರಲ್ಲಿ ಅಕ್ಕ ಅವರೆಕಾಯಿಯ ಮೊರ ಹಿಡಿದು ಅಂಗಳಕ್ಕೆ ಬಂದಳು.

“ಏನಯ್ಯಾ ಇದು ಕಲ್ಲು?”

ಹೊರಗೆ ಚಾಚಿದ್ದ ಭಾವನ ಕಾಲುಗಳು ಗಾಡಿಯ ಕೆಳಗೆ ಸರಿದವು. ಅಕ್ಕ ನನ್ನತ್ತ ತಿರುಗಿದಳು. ಅವಳ ಕಣ್ಣಿಗೆ ಬಿದ್ದ ಮೇಲೆ ನಾನು ಏನನ್ನೂ ಮುಚ್ಚಿಡಲಾರೆ. “ಅದು... ನೀನೇ ಅಕ್ಕ” ಎಂದುಬಿಟ್ಟೆ.

“ನಾನಾ? ನನ್ನ ಜಾಗಕ್ಕೆ ಕಲ್ಲು ಕುಂಡ್ರಿಸಿದ್ದೀಯಾ?” ಎಂದು ಅಕ್ಕ ಬಗ್ಗಿ ಗಾಡಿಯ ಕೆಳಗೆ ಕೂಗಿದಳು. “ಎಷ್ಟಯ್ಯಾ ಇದ್ರ ತೂಕ?”

“ತೂಕ ನೋಡ್ಲಿಲ್ಲ ಕಣೆ. ಎತ್ತಿ ಎತ್ತಿ ನೋಡ್ದೆ. ಮದ್ವೆಯಾದ ವರ್ಸ ನೀನು ಬಾವಿ ತಾವ ಕಾಲು ಉಳುಕಿಸ್ಕೊಂಡಾಗ ಎತ್ಕೊಂಡ್ ಬಂದಿದ್ನಲ್ಲ, ಅಷ್ಟೇ ಐತೆ.”

ಅಕ್ಕ ಒಂದು ಗಳಿಗೆ ಕಲ್ಲನ್ನೇ ನೋಡಿದಳು. ಆಮೇಲೆ ಶುರುವಾಯಿತು ನೋಡಿ ನಗು. ಮೊರದಲ್ಲಿದ್ದ ಕಾಯಿ ಅಂಗಳದ ತುಂಬ ಚೆಲ್ಲುವಷ್ಟು ನಕ್ಕಳು. “ಅವಾಗ ನಾನು ಕಡ್ಡಿ ಇದ್ದೆ. ಈಗ ಇಬ್ರು ಅಂಥೋರು ಇದ್ದೀನಿ. ಈ ಲೆಕ್ಕದಾಗೆ ಬಿಗಿ ಮಾಡಿದ್ರೆ ಮತ್ತೆ ನನ್ನ ಸೊಂಟಕ್ಕೇ ಏಟು. ತೆಗೀರಿ ಅದನ್ನ!”

ನಾನೂ ಲೋಕೇಶನೂ ಕಲ್ಲು ಇಳಿಸಿದೆವು, ನಾನು ಮತ್ತೆ ಸ್ಟೇರಿಂಗ್ ಹಿಡಿದು ಕೂತೆ. ಅಕ್ಕ ಸೀರೆ ಒಟ್ಟುಮಾಡಿಕೊಂಡು ಸೀಟಿಗೆ ಇಳಿದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಬಿಡಿಸತೊಡಗಿದಳು. ಗಾಡಿ ಒಂದು ಸಲ ಉಸ್ಸೆಂದು ತಗ್ಗಿತು. “ಸವಾರಿ ಹೋಗಾಕಲ್ಲ ಕುಂತಿರೋದು, ಬಿಗಿ ಮಾಡಾಕೆ ಅಷ್ಟೇ” ಎಂದು ಎಚ್ಚರಿಕೆಯನ್ನೂ ಕೊಟ್ಟಳು. ಕೆಳಗೆ ಭಾವನ ಸ್ಪ್ಯಾನರ್ ಸದ್ದು ಮಾಡುತ್ತಿತ್ತು.

“ಮಾರಿ ಬಿಸಾಕೋದು ಬಿಟ್ಟು ಯಾಕಯ್ಯಾ ಇಷ್ಟು ಒದ್ದಾಟ? ಇಂಥಾ ಗಾಡೀನೇ ಯಾಕೆ ಬೇಕಾಗಿತ್ತು?” ಎಂದಳು ಅಕ್ಕ.

ಸ್ಪ್ಯಾನರ್ ನಿಂತಿತು. ಎದುರಿಗೆ ನಿಂತು ಭಾವ ಇಂಥ ಮಾತನ್ನು ಎಂದೂ ಆಡಿದವರಲ್ಲ. ಮುಖ ಕಾಣದ ಜಾಗ ಎಂದು ಧೈರ್ಯ ಬಂದಿರಬೇಕು.

“ಎತ್ತಿನ್ ಗಾಡೀಲಿ ನೀನು ಹಿಂದ್ಗಡೆ ಹುಲ್ಲಿನ ಮೇಲೆ. ಸೈಕಲ್ನಾಗೆ ಹಿಂದೆ, ಮೊಪೆಡ್ನಾಗೆ ಹಿಂದೆ. ಮಗನ ಕಾರ್ನಾಗೂ ಗಂಡಸ್ರು ಮುಂದೆ, ನೀನು ಹಿಂದೇನೆ. ಒಂದ್ ಸಲಾನೂ ಪಕ್ಕದಾಗೆ ಕುಂತಿಲ್ಲ ನೀನು. ಇದ್ರಾಗೆ ಹಿಂದಿನ ಸೀಟೇ ಇಲ್ಲ ಕಣೆ. ಅದ್ಕೇ ತಗಂಡೆ.”

ಅವರೆಕಾಯಿ ಬಿಡಿಸುವ ಕೈ ನಿಂತಿತು. ಜೀವಮಾನವೆಲ್ಲ “ಹೆಂಗಸರು ಮುಂದೆ, ಗಂಡಸರು ಹಿಂದೆ” ಎಂದು ಬಸ್ಸಿನಲ್ಲಿ ಕೂಗಿದವನು ನಾನು. ನನ್ನ ಅಕ್ಕ ಎಲ್ಲಿ ಕೂರುತ್ತಾಳೆ ಎಂದು ಒಂದು ದಿನವೂ ನೋಡಿರಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಬಿಗಿ ಮಾಡು ಮತ್ತೆ. ಕಾಲು ಜೋಮು ಹಿಡೀತೈತೆ” ಎಂದಳು.

ಅದಾಗಿ ಕೆಲವು ದಿನಕ್ಕೆ ಚಂದಾಪುರದ ಅದೇ ಮನೆಯಲ್ಲಿ ಮಗುವಿನ ನಾಮಕರಣ. ಶಿವಶಂಕರ್ ತನ್ನ ದೊಡ್ಡ ಕಾರು ತಂದು ನಿಲ್ಲಿಸಿದ. ಸೊಸೆ ಶಶಿಕಲಾ ಹಿಂದಿನ ಬಾಗಿಲು ತೆಗೆದು, “ಬನ್ನಿ ಅತ್ತೆ” ಎಂದಳು.

“ನೀವು ನಡೀರಿ. ನಾನು ಮುಂದೆ ಕುಂತ್ಕೊಂಡು ಬತ್ತೀನಿ” ಎಂದು ಅಕ್ಕ ಹಸಿರು ಕಾರಿನತ್ತ ನಡೆದಳು. ಭಾವ ಓಡಿಬಂದು ಬಾಗಿಲು ತೆರೆದರು. ಟಾಪು ಮೊದಲೇ ಮಡಚಿಟ್ಟಿದ್ದರು.

ಖಾಲಿಯಾದ ಅಕ್ಕನ ಜಾಗದಲ್ಲಿ, ಹಿಂದಿನ ಸೀಟಿನ ಮೂಲೆಯಲ್ಲಿ, ನಾನು ಕೂತೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ. ಮುಂದೆ ಕೂತವರ ತಲೆಯ ಹಿಂಭಾಗ ಮಾತ್ರ ಕಾಣುತ್ತದೆ. ಸರ್ಕಲ್ಲಿನ ಹತ್ತಿರದ ದೊಡ್ಡ ಹಂಪ್‌ಗೆ ಶಿವಶಂಕರ್ ನಿಧಾನ ಮಾಡಿದಾಗ ಹಸಿರು ಕಾರು ಪಕ್ಕಕ್ಕೆ ಬಂತು. ಮೆತ್ತಗೆ ಏರಿ ಮೆತ್ತಗೆ ಇಳಿಯಿತು. ಅಕ್ಕ ಬಾಗಿಲನ್ನೂ ಹಿಡಿದಿರಲಿಲ್ಲ. ಒಂದು ಕೈಯಲ್ಲಿ ತಲೆಯ ಹೂವು ಒತ್ತಿಕೊಂಡು, ಇನ್ನೊಂದು ಕೈಯನ್ನು ರಸ್ತೆಯತ್ತ ಚಾಚಿ, “ಬಲಕ್ಕೆ ತಿರುಗಿಸು, ಬಲಕ್ಕೆ” ಎಂದು ಭಾವನಿಗೆ ದಾರಿ ಹೇಳುತ್ತಿದ್ದಳು.