ಅಪ್ಪ ಬಡಿದ ಮೂರು ಬೆಣೆ

ನಮ್ಮಪ್ಪ ಡೂಗಲ್ ಮೆಕ್‌ಫೇಲ್ ಕಬ್ಬಿಣದ ಸಂದುಗಳನ್ನು ಅಲುಗದಂತೆ ಬಿಗಿಯುವ ರಿವೆಟ್ ಹೊಡೆಯುವುದರಲ್ಲಿ ಎತ್ತಿದ ಕೈ. ಸ್ಕಾಟ್ಲೆಂಡಿನಲ್ಲಿ ಕಲಿತ ಕೆಲಸ. ನ್ಯೂ ಸೌತ್ ವೇಲ್ಸಿಗೆ ಬಂದ ಮೇಲೂ ಮೂವತ್ತು ವರ್ಷ ಅದನ್ನೇ ಮಾಡಿದ. ಸುತ್ತಿಗೆಯಿಂದ ತಟ್ಟಿದಾಗ ಸಂದು ಚೂರು ಅಲುಗಿದರೂ ಅವನಿಗೆ ಅದು ಕಳ್ಳ ಕೆಲಸ. ಅವನು ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನು ಮಾತ್ರ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

೧೮೮೭ರಲ್ಲಿ ನಮ್ಮೂರ ಹೊಳೆಗೆ ಅಮೆರಿಕದಿಂದ ರೈಲು ಸೇತುವೆ ಬಂತು, ಬಿಡಿಬಿಡಿಯಾಗಿ, ಹಡಗಿನಲ್ಲಿ. ಅದರ ಸರಳುಗಳಿಗೆ ರಿವೆಟ್ ಇಲ್ಲ. ತುದಿಯ ತೂತಿಗೆ ದಪ್ಪ ಕೀಲು ತೂರಿಸಿ ಜೋಡಿಸಿದರಾಯಿತು. ಅಪ್ಪನನ್ನು ಸಂದು ನೋಡುವ ಕೆಲಸಕ್ಕೆ ಇಟ್ಟುಕೊಂಡರು. ಅವನಿಗೆ ಮೈಯೆಲ್ಲ ಉರಿ.

"ಇದು ಸೇತುವೆ ಅಲ್ಲ ಎಫೀ, ತೊಟ್ಟಿಲು," ಎಂದು ನನ್ನ ಬಳಿ ಗೊಣಗುತ್ತಿದ್ದ.

ಪರೀಕ್ಷೆಯ ದಿನ ಮೊದಲ ಇಂಜಿನ್ ಓಡಿಸಬೇಕಾದವನು ನನ್ನ ಗಂಡ ನೆಡ್. ದಡದಲ್ಲಿ ಊರೇ ನೆರೆದಿತ್ತು. ಅಮೆರಿಕದ ಇಂಜಿನಿಯರ್ ವಿಟ್‌ಕಂಬ್ ಜನರಿಗೆ ವಿವರಿಸುತ್ತಿದ್ದ: "ಭಾರ ಬಿದ್ದಾಗ ಸರಳು ಕೀಲಿನ ಮೇಲೆ ಚೂರು ತಿರುಗ್ಬೇಕು. ತಿರುಗದೆ ಹೋದ್ರೆ ಅಲ್ಲೇ ಮುರಿಯುತ್ತೆ."

ಅಪ್ಪನ ಮುಖ ಬಿಳಿಚಿತು. ನನ್ನ ತೋಳು ಹಿಡಿದು ಪಿಸುಗುಟ್ಟಿದ. "ನಿನ್ನೆ ಮೂರು ಸಂದು ಅಲುಗ್ತಿದ್ವು. ಬೆಣೆ ಬಡಿದು ಬಿಗಿ ಮಾಡ್ಬಿಟ್ಟೆ."

"ಹೋಗಿ ಹೇಳಪ್ಪ."

"ಹೇಳಿದ್ರೆ ನಾಳೆಯಿಂದ ನನ್ನ ಕೈಗೆ ಸುತ್ತಿಗೆ ಯಾರು ಕೊಡ್ತಾರೆ?"

"ನೆಡ್ ಹೊಳೆ ಪಾಲಾದ್ರೆ ನಾನು ನಿನ್ನ ಮುಖ ನೋಡಲ್ಲ."

ಅಷ್ಟರಲ್ಲಿ ಇಂಜಿನ್ ಸಿಳ್ಳೆ ಹಾಕಿ ಹೊರಟಿತು. ಅಪ್ಪ ಹಳಿಗಳ ನಡುವೆ ಓಡಿ, ಎರಡೂ ಕೈ ಚಾಚಿ ನಿಂತ. ನೆಡ್ ಬ್ರೇಕ್ ಹಾಕಿದ. ಇಂಜಿನ್ ಅಪ್ಪನಿಂದ ಎರಡು ಮಾರು ದೂರದಲ್ಲಿ ನಿಂತಿತು.

"ತಪ್ಪು ನಂದು," ಎಂದ ಅಪ್ಪ, ಊರೆಲ್ಲ ಕೇಳುವಂತೆ. ಬೆಣೆಯ ವಿಷಯ ಬಾಯಿಬಿಟ್ಟು ಹೇಳಿದ.

ಅವನೇ ಸೇತುವೆಯ ಕೆಳಗಿಳಿದು ಬೆಣೆಗಳನ್ನು ಕೀಳಲು ಒಂದು ತಾಸು ಹಿಡಿಯಿತು. ಮೂರನೆಯದು ಜಪ್ಪಯ್ಯ ಅಂದರೂ ಬರಲಿಲ್ಲ; ಬಡಿದ ಕೈ ಅಂಥದ್ದು. ಕೊನೆಗೆ ಬೆರಳಿಂದ ರಕ್ತ ಸೋರುತ್ತ ಮೇಲೆ ಬಂದು, ಮೂರನ್ನೂ ವಿಟ್‌ಕಂಬ್‌ನ ಕಾಲ ಬಳಿ ಹಾಕಿದ.

"ಇನ್ನೊಂದು ಎಲ್ಲೂ ಇಲ್ಲ ಅಂತ ಹೇಗೆ ನಂಬ್ಲಿ ಮೆಕ್‌ಫೇಲ್?"

"ನನ್ನ ಮಾತು ನಂಬೋದು ಬೇಡ ಯಜಮಾನ್ರೇ. ನಾನೂ ಇಂಜಿನ್ ಮೇಲೆ ಹೋಗ್ತೀನಿ."

ನೆಡ್ ಕೈ ಚಾಚಿದ. "ಹತ್ತಿ ಮಾವ. ಮುಳುಗಿದ್ರೆ ಬೈಯೋಕೆ ನಂಗೂ ಒಬ್ರು ಬೇಕು."

ಒಬ್ಬನಿಗಾಗಿ ಹೆದರುತ್ತಿದ್ದವಳು ಈಗ ಇಬ್ಬರಿಗಾಗಿ ಹೆದರುತ್ತ ನಿಂತೆ. ಇಂಜಿನ್ ನಡುಹೊಳೆಗೆ ಬಂದಾಗ ಸರಳುಗಳೆಲ್ಲ ಗಡಗಡ ಎಂದವು. ಕಣ್ಣು ಮುಚ್ಚಲು ಧೈರ್ಯ ಬರಲಿಲ್ಲ. ಇಂಜಿನ್ ಆಚೆ ದಡ ಮುಟ್ಟಿತು.

ಅಲ್ಲಿ ಇಳಿದ ಅಪ್ಪನನ್ನು ಮತ್ತೆ ಯಾವ ಸೇತುವೆಯ ಕೆಲಸಕ್ಕೂ ಯಾರೂ ಕರೆಯಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಇಳಿಯಲು ವರ್ಷ ಹಿಡಿಯಿತು. ಹೆಮ್ಮೆ ಮಾತ್ರ ಅವತ್ತೇ ಆಗಿತ್ತು. ಅವನು ಬದುಕಿರುವಾಗ ಅದನ್ನು ಅವನಿಗೆ ಹೇಳಲಿಲ್ಲ.