ಬೇಕರಿ ಗೋಡೆಯ ಬಿಸಿ

ಬೆಂಗಳೂರಿನ ರೈಲು ಭದ್ರಾವತಿ ತಲುಪಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಪ್ಲಾಟ್‌ಫಾರಂನಲ್ಲಿ ಕೊಡೆ ಹಿಡಿದು ನಿಂತಿದ್ದ ಚಿಕ್ಕಪ್ಪನ ಮಗಳು ಶೈಲಜಾ, "ಸುರೀಲಿ ಬಿಡು! ಒಣ ದಿನ ಪಾಸಾದ್ರೆ ಅದೇನು ಪರೀಕ್ಷೆ?" ಎಂದಳು.

ಶೈಲಜಾ ಔಷಧ ಕಂಪನಿಯ ಒಡತಿ. ವಾಂತಿ-ಭೇದಿಯಾದವರು ನೀರಿಗೆ ಬೆರೆಸಿ ಕುಡಿಯುವ ಓಆರ್‌ಎಸ್ ಪುಡಿ ತಯಾರಿಸುತ್ತಾಳೆ. ಆ ಕಂಪನಿ ಹುಟ್ಟಿದ ಕೋಣೆಗೇ ಮೊದಲು ಹೋದೆವು. ಸೆಲ್ವಣ್ಣನ ಬೇಕರಿಯ ಹಿಂಬದಿಗೆ, ಮಂಚ ಹಾಕಿದರೆ ಓಡಾಡಲು ಜಾಗವಿರದಷ್ಟು ಸಣ್ಣ ಕೋಣೆ. ಗುಡಿಸಿ, ಖಾಲಿ ಇಟ್ಟಿದ್ದ. ಬಿಸಿ ಬನ್ನು, ಚಹಾ ಬಂತು.

ಇಲ್ಲಿಂದ ಪ್ಯಾಕೆಟ್ಟುಗಳು ಊರಿನ ಮೆಡಿಕಲ್ ಶಾಪುಗಳಿಗೆ, ಆಮೇಲೆ ಪಕ್ಕದ ಜಿಲ್ಲೆಗಳಿಗೂ ಹೋದವು. ಹೋದ ವರ್ಷ ಶಿವಮೊಗ್ಗದಲ್ಲಿ ದೊಡ್ಡ ಘಟಕವೇ ಶುರುವಾಯಿತು. ಮಳೆಗಾಲ ಬಂದದ್ದೇ ತಡ, ಪುಡಿಯೆಲ್ಲ ಕಲ್ಲು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಆಗ ಸೋತು ಸುಣ್ಣವಾಗಿ ಈ ರೂಮು ವಾಪಸ್ ಕೇಳೋಕೆ ಬಂದೆ," ಎಂದಳು ಶೈಲಜಾ. "ಗೋಡೆಗೆ ಒರಗಿದ್ರೆ ಬೆನ್ನು ಬೆಚ್ಚಗಾಯ್ತು, ಮಾರಾಯ! ಆಚೆ ಕಡೆ ಬೇಕರಿ ಒಲೆ. ಇಷ್ಟು ವರ್ಷ ಪುಡಿ ಒಣಗಿಸಿಟ್ಟಿದ್ದು ಅದು. ನಾನೋ, ಎಲ್ಲ ನನ್ನ ಜಾಣತನ ಅಂದ್ಕೊಂಡಿದ್ದೆ."

ನಾನೂ ಗೋಡೆ ಮುಟ್ಟಿ ನೋಡಿದೆ. ಹೌದು, ಬೆಚ್ಚಗಿತ್ತು.

"ಬಾಡಿಗೆ ರೂಮಿಗೆ ಕೊಟ್ಟೆಯಮ್ಮ, ಬಿಸಿಗೆ ಕೊಡ್ಲೇ ಇಲ್ಲ," ಎಂದು ಸೆಲ್ವಣ್ಣ ನಕ್ಕ.

ಆಮೇಲೆ ಅವಳು ಘಟಕಕ್ಕೆ ಗಾಳಿಯ ತೇವ ಹೀರುವ ಯಂತ್ರ ಹಾಕಿಸಿದಳು. ಈ ಮಳೆಗಾಲದ ಆರಂಭದಲ್ಲಿ ಅಲ್ಲಿ ತುಂಬಿ ಎತ್ತಿಟ್ಟ ಪ್ಯಾಕೆಟ್ಟುಗಳನ್ನು ಇಂದು ಒಡೆಯಬೇಕು. ಪುಡಿ ಗಟ್ಟಿಯಾಗಿದ್ದರೆ ಘಟಕಕ್ಕೆ ಬೀಗ, ಮತ್ತೆ ಈ ಕೋಣೆಯೇ ಗತಿ.

ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸು ಹತ್ತಿದೆವು. ದಾರಿ ಇಪ್ಪತ್ತು ಕಿಲೋಮೀಟರಿನಷ್ಟು. ಹೆಂಗಸೆಂದು ಅವಳಿಗೆ ಸೊನ್ನೆ ರೂಪಾಯಿ ಟಿಕೆಟ್ಟು. "ಕಂಪನಿ ಒಡತಿಗೆ ಪುಕ್ಕಟೆ, ಬಡಪಾಯಿಗೆ ದುಡ್ಡು!" ಎಂದು ಗೊಣಗಿದೆ. ಅವಳು ನಗಲಿಲ್ಲ. ಕಿಟಕಿಯ ಮೇಲೆ ಇಳಿಯುವ ನೀರನ್ನೇ ನೋಡುತ್ತಿದ್ದಳು.

ಘಟಕದಲ್ಲಿ ಕೆಲಸದವರೆಲ್ಲ ಮೇಜಿನ ಸುತ್ತ ಸೇರಿದ್ದರು. ಶೈಲಜಾ ಕತ್ತರಿ ಕೈಗೆತ್ತಿಕೊಂಡಳು. ಪ್ಯಾಕೆಟ್ಟಿನ ತುದಿ ಕತ್ತರಿಸಿ ಬಗ್ಗಿಸಿದಳು. ಪುಡಿ ಸರಸರನೆ ತಟ್ಟೆಗೆ ಸುರಿಯಿತು! ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ. ನಾನು ಚಿಕ್ಕ ಮಕ್ಕಳಂತೆ ಕೂಗಿಬಿಟ್ಟೆ. ಯಾರೋ ಜಗ್ಗಿನಲ್ಲಿ ನೀರು ತಂದರು. ಕಾಯಿಲೆಯಿಲ್ಲದ ನಾವೆಲ್ಲ ಒಂದೊಂದು ಲೋಟ ಓಆರ್‌ಎಸ್ ಕುಡಿದೆವು. ಅಷ್ಟು ರುಚಿಯಾದ ಪಾನಕ ನಾನು ಕುಡಿದಿಲ್ಲ.

ಸಂಜೆ ಶಿವಮೊಗ್ಗ ನಿಲ್ದಾಣದಲ್ಲಿ ನಾನು ರೈಲು ಹತ್ತಿ ಕಿಟಕಿ ಪಕ್ಕ ಕೂತಾಗ ಹೊರಗೆ ನಿಂತಿದ್ದ ಶೈಲಜಾಳ ಫೋನು ರಿಂಗಾಯಿತು. ಸೆಲ್ವಣ್ಣ. ಅವಳು ಸ್ಪೀಕರ್ ಒತ್ತಿದಳು.

"ಹೆಂಗಾಯ್ತಮ್ಮ?"

"ಪಾಸು, ಸೆಲ್ವಣ್ಣ!"

"ಹಂಗಾದ್ರೆ... ರೂಮು ಬೇರೆಯವ್ರಿಗೆ ಕೊಡ್ಲಾ? ಹಪ್ಪಳದ ವ್ಯಾಪಾರದ ಹುಡುಗಿಯೊಬ್ಳು ಕೇಳ್ತಾ ಇದಾಳೆ. ನೀನು ಬಂದ್ರೆ ಅಂತ ತಡೆದಿದ್ದೆ."

ಶೈಲಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೈಲು ಹೊರಟಿತು. ಅವಳ ದನಿ ಪ್ಲಾಟ್‌ಫಾರಂನಿಂದ ಕೇಳುತ್ತಲೇ ಇತ್ತು:

"ಕೊಡು, ಸೆಲ್ವಣ್ಣ. ಮಾಲನ್ನ ಯಾವ ಗೋಡೆ ಪಕ್ಕ ಇಡ್ಬೇಕು ಅಂತ ಮೊದ್ಲೇ ಹೇಳ್ಬಿಡು ಅವಳಿಗೆ!"